ಮುದ್ರೆಯ ಜಾಗ

ಡ್ಯಾನ್ಯೂಬ್ ದಂಡೆಯ ನಮ್ಮ ರೂಸೆ ಊರಿನಲ್ಲಿ
ಹೌದೆನ್ನಲು ತಲೆಯನ್ನು ಅಡ್ಡಕ್ಕೆ ಆಡಿಸುತ್ತೇವೆ,
ಇಲ್ಲವೆನ್ನಲು ಮೇಲಕ್ಕೆತ್ತುತ್ತೇವೆ.
ಹೊರಗಿನಿಂದ ಬಂದವರು ಬೆಪ್ಪಾಗಿ ನಿಲ್ಲುತ್ತಾರೆ.
ಅವರಿಗೂ ನಮಗೂ ನಡುವೆ
ಅನುಮಾನವಿಲ್ಲದ ಹೌದು ಒಂದೇ ಇತ್ತು:
ಮೂರನೇ ಕಿಟಕಿಯ ಸ್ತಾನ್ಕಾ ಹೊಡೆಯುವ ಠಸ್ಸೆ.

ಶಾಯಿಗೊಂದು, ಕಾಗದಕ್ಕೊಂದು.
ಟಪ್, ಠಪ್.
ಮೊದಲನೆಯದು ಮೆತ್ತಗೆ,
ಎರಡನೆಯದು ಮೇಜಿನ ಕಾಲಿನವರೆಗೆ.
ಮೂವತ್ತೊಂದು ವರ್ಷ ಪಕ್ಕದ ಕುರ್ಚಿಯಲ್ಲಿ ಕೂತ ನಾನು
ಹುಟ್ಟಿನ ಪತ್ರ ಯಾವುದು, ಸಾವಿನದು ಯಾವುದು ಎಂದು
ತಿರುಗಿ ನೋಡಬೇಕಿರಲಿಲ್ಲ;
ಸಾವಾದರೆ, ಒತ್ತಿ, ಒಂದು ಗಳಿಗೆ ಹಾಗೇ ಹಿಡಿಯುತ್ತಿದ್ದಳು.

ಚಳಿಗೆ ರಬ್ಬರು ಒಣಗಿ ಹಟ ಹಿಡಿದರೆ
ಬಾಯ ಹತ್ತಿರ ತಂದು ಹಾ ಎಂದು ಊದುವಳು.
ಬೆಳ್ಳುಳ್ಳಿ, ಕೆಲವು ಸೋಮವಾರ ಪ್ಲಮ್ಮಿನ ಸಾರಾಯಿ.
ಈ ಊರಿನ ಅರ್ಧ ಮದುವೆಗಳು
ಆ ಉಸಿರಿನಿಂದ ಊರ್ಜಿತವಾದವು.

ಠಸ್ಸೆಯಲ್ಲಿ ಊರ ಹೆಸರಿನ ಮೊದಲ ಅಕ್ಷರಕ್ಕೆ
ಹೊಟ್ಟೆ ಒಡೆದಿತ್ತು, ಯಾವತ್ತೋ ನೆಲಕ್ಕೆ ಬಿದ್ದು.
ಹೊಸದಕ್ಕೆ ಅರ್ಜಿ ಹಾಕಿದೆವು. ಅರ್ಜಿಗೆ ಮುದ್ರೆ ಬೇಕು.
ಒಡಕು ಮುದ್ರೆಯ ಅರ್ಜಿಯನ್ನು
ಸೋಫಿಯಾದವರು ಒಪ್ಪಲಿಲ್ಲ.
ಆಮೇಲೊಮ್ಮೆ ಚರ್ಮದ ಕೋಟಿನವನೊಬ್ಬ
ದ್ರಾಕ್ಷಿತೋಟದ ಪತ್ರ ಹಿಡಿದು ಬಂದ.
ಸಹಿ ಸರಿ, ತಾರೀಖು ಸರಿ,
ಅಕ್ಷರದ ಹೊಟ್ಟೆ ದುಂಡಗೆ, ಇಡಿಯಾಗಿ.
ಕಳ್ಳನಿಗೆ ನಮ್ಮ ಒಡಕು ಕಂಡು ಕನಿಕರವಾಗಿರಬೇಕು,
ತಿದ್ದಿಬಿಟ್ಟಿದ್ದ, ಪಾಪ.
ಸರಿಯಿದ್ದದ್ದರಿಂದಲೇ ಸಿಕ್ಕಿಬಿದ್ದ.

ಯಂತ್ರ ಒಳ್ಳೆಯದೇ, ಸುಳ್ಳೇಕೆ ಹೇಳಲಿ.
ನಾಳೆ ಬಾ ಅನ್ನುವುದಿಲ್ಲ,
ಚಾಕೊಲೇಟಿನ ಡಬ್ಬಿಗೆ ಮುಖ ಅರಳಿಸುವುದಿಲ್ಲ.
ಒಂದು ಚಳಿಗಾಲ ಸ್ತಾನ್ಕಾ ಠಸ್ಸೆಗೆ ಬೀಗ ಹಾಕಿ
ಬೀಗದಕೈ ಸಮೇತ ಮಗಳ ಹೆರಿಗೆಗೆ ವಾರ್ನಾಕ್ಕೆ ಹೋದಳು.
ದೋಣಿ ಬೆಸೆಯುವ ಗಾವ್ರಿಲ್, ಪಿಂಚಣಿ ಕಾಗದ ಹಿಡಿದು,
ಒಂಬತ್ತು ದಿನ ಬಂದು ಕಿಟಕಿಗೆ ಕೆಮ್ಮಿ ಹೋದ.
ಹತ್ತನೆಯ ದಿನ ಅವಳು ಮರಳಿದಾಗ
ಅವನ ಹೆಂಡತಿ ಬಂದಿದ್ದಳು, ಬೇರೆ ಪತ್ರಕ್ಕೆ.
ಅವತ್ತು ಒತ್ತಿದ ಕೈ
ಬಹಳ ಹೊತ್ತು ಏಳಲಿಲ್ಲ.

ಈಗ ಕಾಗದ ಒಳಹೋಗಿ ಹೊರಬರುತ್ತದೆ ಬೆಚ್ಚಗೆ,
ಮೂಲೆಯಲ್ಲಿ ಕಪ್ಪು ಚುಕ್ಕಿಗಳ ಚೌಕ,
ಇರುವೆಗಳು ಪಂಚಾಯಿತಿ ಸೇರಿದ ಹಾಗೆ.
ತಾರೀಖು, ಗಂಟೆ, ನಿಮಿಷ, ಸೆಕೆಂಡು.
ಮದುವೆಗೂ ಸೆಕೆಂಡು,
ಚರಂಡಿ ಕಟ್ಟಿದ ದೂರಿಗೂ ಸೆಕೆಂಡು.

ಹಳೆಯ ಠಸ್ಸೆ ನಾಶಪಡಿಸಿ ವರದಿ ಒಪ್ಪಿಸಿ ಎಂದು ಆದೇಶ ಬಂತು.
ವರದಿಯ ತಳದಲ್ಲಿ, ಎಂದಿನಂತೆ,
ಚುಕ್ಕಿಗೆರೆಯ ಖಾಲಿ ವೃತ್ತ: ಮುದ್ರೆಯ ಜಾಗ.
ಯಂತ್ರಕ್ಕೆ ಉಣಿಸಿದೆವು. ಅದಕ್ಕೆ ವೃತ್ತ ಕಾಣದು;
ಮೂಲೆಗೆ ಇರುವೆ ಬಿಟ್ಟು ಉಗುಳಿತು.
ವೃತ್ತ ಖಾಲಿ ಹೋದರೆ ಕಾಗದ ವಾಪಸು ಬರುತ್ತದೆ,
ಇದು ನಮಗೆ ಗೊತ್ತಿಲ್ಲದ್ದೇ?

ಸ್ತಾನ್ಕಾ ಬೀಗ ತೆಗೆದಳು. ಹಾ ಎಂದಳು.
ಟಪ್, ಠಪ್.
ಈ ಠಸ್ಸೆಯನ್ನು ನಾಶಪಡಿಸಲಾಗಿದೆ ಎಂಬ ಸಾಲಿನ ಕೆಳಗೆ
ಅದೇ ಠಸ್ಸೆಯ ಒದ್ದೆ ನೀಲಿ,
ಹೊಟ್ಟೆ ಒಡೆದ ಅಕ್ಷರ.
ನಾನು ಚಾಕು ಹುಡುಕುವಷ್ಟು ಹೊತ್ತು
ಆ ಕಾಗದ ಸುಳ್ಳು ಹೇಳುತ್ತಿತ್ತು.
ನಿಧಾನವಾಗಿಯೇ ಹುಡುಕಿದೆ.

ಯಂತ್ರ ಕೂರಿಸಲು ವಿಯೆನ್ನಾದಿಂದ ಬಂದ ಹುಡುಗ,
ಇದೇ ನದಿಯ ಮೇಲಣವನು,
ತಂತಿ ಸುತ್ತುತ್ತಾ ಕೇಳಿದ:
ಇನ್ನು ನಿಮ್ಮ ಕೈಗೆ ಆರಾಮ, ಅಲ್ಲವೇ?
ಸ್ತಾನ್ಕಾ ಹೆಬ್ಬೆರಳ ಶಾಯಿ ಒರೆಸುತ್ತಿದ್ದಳು.
ತಲೆಯನ್ನು ಅಡ್ಡಕ್ಕೆ ಆಡಿಸಿದಳು,
ನಮ್ಮ ರೀತಿಯಲ್ಲೋ, ಅವನ ರೀತಿಯಲ್ಲೋ,
ನನಗೂ ತಿಳಿಯಲಿಲ್ಲ.